ಹೆದರಿಸದ ಪ್ರೇತದ ಸಿನಿಮಾಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆ ಕನ್ನಡದಲ್ಲಿ ಕಿರುಚಿತ್ರ ಮಾಡಲು ಹೊರಟವರಿಗೆ ಮೊದಲು ಹೊಳೆಯುವ ವಸ್ತು ಪ್ರೇತ. ಹಂಚಿನ ಹಳೆ ಮನೆ, ಅಡಕೆ ತೋಟ, ಮಳೆಗಾಲದ ಕತ್ತಲೆ ಎಲ್ಲವೂ ಖರ್ಚಿಲ್ಲದೆ ಸಿಗುತ್ತವೆ. ಮಾಡಿ ಮುಗಿಸಿ ತೋರಿಸಿದರೆ ನೋಡಿದವರು "ಚೆನ್ನಾಗಿ ಬಂದಿದೆ" ಅನ್ನುತ್ತಾರೆ, ಆದರೆ ಯಾರೂ ಹೆದರಿರುವುದಿಲ್ಲ. ಕೋಟಿಗಟ್ಟಲೆ ಸುರಿದು ಮಾಡಿದ ಚಿತ್ರಗಳದ್ದೂ ಎಷ್ಟೋ ಸಲ ಇದೇ ಪಾಡು. ಎಲ್ಲಿ ತಪ್ಪುತ್ತದೆ, ತಿದ್ದುವುದು ಹೇಗೆ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಹಳೆ ಮನೆ ಇದೆ, ಪ್ರೇತ ಇದೆ, ಅರ್ಧರಾತ್ರಿ ಇದೆ. ಆದರೂ ಯಾಕೆ ಹೆದರಿಕೆ ಹುಟ್ಟುವುದಿಲ್ಲ?

ನೋಡುವವರಿಗೆ ಮನೆ ಪರಿಚಯವಾಗುವ ಮೊದಲೇ ಪ್ರೇತ ಬಂದುಬಿಟ್ಟಿರುತ್ತದೆ. ಹೆಚ್ಚಿನ ಚಿತ್ರಗಳು ಸೋಲುವುದು ಇಲ್ಲೇ. ಯಾವ ಬಾಗಿಲಿಗೆ ಯಾವಾಗಲೂ ಚಿಲಕ ಹಾಕಿರುತ್ತದೆ, ಅಜ್ಜಿ ಎಲ್ಲಿ ಮಲಗುತ್ತಾರೆ, ಅಟ್ಟದ ಏಣಿ ಯಾವ ಕೋಣೆಯಲ್ಲಿದೆ ಎಂಬುದು ಗೊತ್ತಿಲ್ಲದವನಿಗೆ ಆ ಬಾಗಿಲು ತೆರೆದಿರುವುದನ್ನು ತೋರಿಸಿ ಪ್ರಯೋಜನವಿಲ್ಲ. ಅವನ ಮಟ್ಟಿಗೆ ಅದು ಬರೀ ಒಂದು ಬಾಗಿಲು.

ಬಾವಿಯ ರಾಟೆಯನ್ನೇ ತೆಗೆದುಕೊಳ್ಳಿ. ಮೊದಲ ಸಲ ಬೆಳಗ್ಗಿನ ಬೆಳಕಿನಲ್ಲಿ ಅಜ್ಜಿ ನೀರು ಸೇದುತ್ತಾರೆ. ರಾಟೆ ಕಿರುಗುಟ್ಟುತ್ತದೆ, ಕೊಡಪಾನ ಕಟ್ಟೆಗೆ ತಾಗಿ ಠಣ್ ಅನ್ನುತ್ತದೆ. 8 ಸೆಕೆಂಡು ಸಾಕು, ಯಾವ ಸಂಗೀತವೂ ಬೇಡ. ಎರಡನೆಯ ಸಲ ಸಂಜೆ. ಹುಡುಗ ಜಗಲಿಯಲ್ಲಿ ಓದುತ್ತಿದ್ದಾನೆ, ಹಿಂದಿನಿಂದ ರಾಟೆಯ ಸದ್ದು ಮಾತ್ರ ಕೇಳುತ್ತದೆ. ಅವನು ತಲೆ ಎತ್ತುವುದಿಲ್ಲ, ಎತ್ತಲೂ ಬಾರದು. ಅಷ್ಟಕ್ಕೆ ನೋಡುವವರ ಕಿವಿಗೆ ಆ ಸದ್ದೆಂದರೆ ಅಜ್ಜಿ ಎಂದು ಕೂತುಬಿಡುತ್ತದೆ. ಮೂರನೆಯ ಸಲ ರಾತ್ರಿ. ಚಾವಡಿಯಲ್ಲಿ ಚಾಪೆ ಹಾಸಿ ಮನೆಮಂದಿಯೆಲ್ಲ ಮಲಗಿದ್ದಾರೆ. ಅಜ್ಜಿ, ಅಮ್ಮ, ಹುಡುಗ, ಮಾವ, ನಾಲ್ವರೂ ಒಂದೇ ಚೌಕಟ್ಟಿನೊಳಗೆ ಎಣಿಸಲು ಸಿಗಬೇಕು. ಆಗ ರಾಟೆ ಕಿರುಗುಟ್ಟಲಿ. 20 ಸೆಕೆಂಡು ಕತ್ತರಿಸದೆ ಬಿಡಿ. ಕ್ಯಾಮೆರಾ ಬಾವಿಯ ಕಡೆ ಹೋಗಲೇಬಾರದು. ಮರುದಿನ ಬೆಳಗ್ಗೆ ಕಟ್ಟೆಯ ಮೇಲೆ ಕೊಡಪಾನ ತುಂಬಿಕೊಂಡಿದೆ, ಹಗ್ಗ ಒದ್ದೆ. ಪ್ರೇತ ಇನ್ನೂ ಬಂದಿಲ್ಲ, ಮೇಕಪ್ಪಿಗೆ ಒಂದು ರೂಪಾಯಿಯೂ ಖರ್ಚಾಗಿಲ್ಲ, ಆದರೂ ನೋಡುವವರು ಇನ್ನು ಬಾವಿಯ ಹತ್ತಿರ ಮನಸ್ಸಿನಲ್ಲೂ ಹೋಗಲಾರರು.

10 ನಿಮಿಷದ ಚಿತ್ರವಾದರೆ ಮೊದಲ 3 ನಿಮಿಷ ಮನೆಗೆ ಮೀಸಲಿಡಿ. ಇದು ಬೇಸರ ತರಿಸುತ್ತದೆ ಎಂಬ ಅಂಜಿಕೆಯಿಂದಲೇ ಹೆಚ್ಚಿನವರು ಮೊದಲ ನಿಮಿಷದಲ್ಲೇ ಒಂದು ಕಿರುಚಾಟ ತುರುಕುತ್ತಾರೆ. ಹಾಗೆ ತುರುಕಿದ ಮೇಲೆ ಮನೆ ಮತ್ತೆ ಮಾಮೂಲಿ ಮನೆಯಾಗುವುದಿಲ್ಲ, ಕೆಡಿಸಲು ಏನೂ ಉಳಿದಿರುವುದಿಲ್ಲ.

ಬೆಚ್ಚಿಬೀಳುವುದೂ ಹೆದರುವುದೂ ಒಂದೇ ಅಲ್ಲವೇ?

ಅಲ್ಲ. ಬೆಚ್ಚಿಬೀಳುವುದು ಶರೀರದ ಕೆಲಸ. ಹಿಂದಿನಿಂದ ಪಟಾಕಿ ಸಿಡಿದರೆ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ. ಅದು ಪಟಾಕಿ ಎಂದು ಮನಸ್ಸಿಗೆ ತಿಳಿಯುವುದು ಆಮೇಲೆ. ಇದಕ್ಕೆ ಕತೆಯೂ ಬೇಡ, ಪ್ರೇತವೂ ಬೇಡ. ಸ್ಪೀಕರಿನಲ್ಲಿ ಜೋರಾಗಿ ಏನು ಬಾರಿಸಿದರೂ ಸಾಕು. ಹೆದರಿಕೆ ಹಾಗಲ್ಲ, ಅದು ಮುಂದೇನೋ ಆಗಲಿದೆ ಎಂದು ಕಾಯುವಾಗ ಹುಟ್ಟಿ ಬೆಳೆಯುವಂಥದ್ದು.

ಬೆಚ್ಚುವಿಕೆಗೆ ಇನ್ನೊಂದು ಗುಣವಿದೆ: ಮತ್ತೆ ಮತ್ತೆ ಮಾಡಿದರೆ ಸವೆಯುತ್ತದೆ. ಮೂರು ಸಲ ಒಂದೇ ರೀತಿ ಬೆಚ್ಚಿಸಿದರೆ ನಾಲ್ಕನೆಯ ಸಲಕ್ಕೆ ಶರೀರ ಸಿದ್ಧವಾಗಿರುತ್ತದೆ. ಆದರೆ ಮೊದಲೇ ಹೆದರಿಕೊಂಡಿರುವವನು ಅದೇ ಸದ್ದಿಗೆ ಇನ್ನೂ ಜೋರಾಗಿ ಬೆಚ್ಚುತ್ತಾನೆ. ಹಾಗಾಗಿ ಕ್ರಮ ಇಷ್ಟೇ: ಮೊದಲು ಹೆದರಿಕೆ, ಆಮೇಲೆ ಬೆಚ್ಚಿಸುವುದು. ತಿರುಗಾಮುರುಗಾ ಮಾಡಿದ ಚಿತ್ರ ಮುಗಿದಾಗ ನೋಡಿದವರಿಗೆ ಉಳಿಯುವುದು ತಲೆನೋವು.

ಹಾಗಾದರೆ ಒಂದು ಚಿತ್ರದಲ್ಲಿ ಎಷ್ಟು ಸಲ ಬೆಚ್ಚಿಸಬಹುದು?

10 ನಿಮಿಷಕ್ಕೆ ಒಂದೇ ಸಲ. ಅದನ್ನೂ ಎಲ್ಲರೂ ಕಾಯುವ ಜಾಗದಲ್ಲಿ ಇಡಬೇಡಿ. ಕನ್ನಡಿಯ ಕಪಾಟು ಮುಚ್ಚಿದೊಡನೆ ಹಿಂದೆ ಯಾರೋ ನಿಂತಿರುವುದು, ಬೆಕ್ಕು ಹಾರಿ ಸಮಾಧಾನವಾದ ಮರುಕ್ಷಣ ಪ್ರೇತ ಬರುವುದು, ಇವು ಈಗ ಸಣ್ಣ ಮಕ್ಕಳಿಗೂ ಬಾಯಿಪಾಠ. ಸಂಗೀತ ಏರುತ್ತಾ ಹೋಗಿ ತಟ್ಟನೆ ನಿಂತರೆ "ಈಗ ಬರುತ್ತದೆ" ಎಂದು ಚೀಟಿ ಅಂಟಿಸಿದ ಹಾಗೆ. ಮಾತಿನ ಮಧ್ಯೆ, ವಾಕ್ಯ ಇನ್ನೂ ಮುಗಿಯದಿರುವಾಗ, ಹಗಲು ಬೆಳಕಿನಲ್ಲಿ ಬಂದರೆ ತಪ್ಪಿಸಿಕೊಳ್ಳಲು ನೋಡುವವರಿಗೆ ಹೊತ್ತು ಸಿಗುವುದಿಲ್ಲ.

ಪ್ರೇತವನ್ನು ಎಷ್ಟು ತೋರಿಸಬೇಕು?

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗಸ್ಥಳಕ್ಕೆ ಬರುವ ಕ್ರಮ ನೋಡಿ. ಮೊದಲು ಎಲ್ಲೋ ದೂರದಿಂದ ಒಂದು ಆರ್ಭಟೆ. ಚೆಂಡೆ ಏರುತ್ತದೆ. ದೊಂದಿಗೆ ಎರಚಿದ ರಾಳದ ಪುಡಿ ಭಗ್ಗೆಂದು ಹೊತ್ತಿ ಆರುತ್ತದೆ. ವೇಷ ಎದುರಿಗೆ ಬಂದ ಮೇಲೂ ಅಡ್ಡ ತೆರೆ ಹಿಡಿದಿರುತ್ತಾರೆ. ಮೇಲಿನಿಂದ ಕಿರೀಟದ ತುದಿ, ಕೆಳಗಿನಿಂದ ಗೆಜ್ಜೆಯ ಕಾಲು, ಬದಿಯಿಂದ ಒಂದು ಕೈ. ಚುಟ್ಟಿ (ಅಕ್ಕಿ ಹಿಟ್ಟಿನ ಚುಕ್ಕೆಗಳು) ಇಟ್ಟ ಮುಖ ಪೂರ್ತಿ ಕಾಣುವುದು ಕೊನೆಗೆ. ಗಂಟೆಗಟ್ಟಲೆ ಕೂತು ಬರೆದುಕೊಂಡ ಬಣ್ಣ ಅದು. ಆದರೂ ತೋರಿಸಲು ಅವಸರವಿಲ್ಲ. ಕೈಯಲ್ಲಿ ಕ್ಯಾಮೆರಾ ಬಂದೊಡನೆ ನಮ್ಮವರು ಈ ತೆರೆಯನ್ನು ಮರೆಯುವುದು ನಿಜಕ್ಕೂ ನೋವಿನ ಸಂಗತಿ.

1975ರ 'ಜಾಸ್' ಚಿತ್ರಕ್ಕೆ ಕಟ್ಟಿದ ಯಾಂತ್ರಿಕ ಶಾರ್ಕು ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟಿತು. ಹಾಗಾಗಿ ಬಹಳ ಹೊತ್ತು ಶಾರ್ಕನ್ನು ತೋರಿಸದೆಯೇ ಚಿತ್ರ ನಡೆಸಬೇಕಾಯಿತು. ಆ ಚಿತ್ರ ಅಷ್ಟು ಹೆದರಿಸಿದ್ದಕ್ಕೆ ದೊಡ್ಡ ಕಾರಣ ಇದೇ.

ಲೆಕ್ಕದಲ್ಲಿ ಹೇಳುವುದಾದರೆ, ಸೆಕೆಂಡಿಗೆ 25 ಫ್ರೇಮ್ ಇರುವ ಚಿತ್ರದಲ್ಲಿ ಪ್ರೇತದ ಮುಖ 12 ಫ್ರೇಮ್ ಕಂಡರೆ ಕಂಡದ್ದು ನಿಜವೋ ಅಲ್ಲವೋ ಎಂಬ ಗೊಂದಲ ಉಳಿಯುತ್ತದೆ. 75 ಫ್ರೇಮ್, ಅಂದರೆ 3 ಸೆಕೆಂಡು ಕಂಡರೆ ಕೂದಲು ವಿಗ್ಗೆಂದು ಗೊತ್ತಾಗುತ್ತದೆ. ಹೆಚ್ಚು ಹೊತ್ತು ತೋರಿಸಬೇಕೆಂದರೆ ದೂರ ನಿಲ್ಲಿಸಿ, ಫೋಕಸ್ ಕೊಡಬೇಡಿ, ಅಲುಗಾಡಿಸಬೇಡಿ, ಚಿತ್ರದ ಪಾತ್ರಗಳು ಅದನ್ನು ಗಮನಿಸುವುದೂ ಬೇಡ. ಅಡಿಕೆ ಮರಗಳ ಸಾಲಿನ ನಡುವೆ ಮರದಷ್ಟೇ ನೆಟ್ಟಗೆ ನಿಂತ ಒಂದು ಆಕೃತಿಯನ್ನು ಐವರಲ್ಲಿ ಇಬ್ಬರು ಮಾತ್ರ ಗುರುತಿಸಿದರೆ ಆ ಇಬ್ಬರು ಉಳಿದ ಮೂವರಿಗೆ ಹೇಳುತ್ತಾರೆ.

ಮೇಕಪ್ ಮತ್ತು ಗ್ರಾಫಿಕ್ಸ್ ಚೆನ್ನಾಗಿದ್ದರೂ ಪ್ರೇತ ಗೊಂಬೆಯ ಹಾಗೆ ಯಾಕೆ ಕಾಣುತ್ತದೆ?

ಜಪಾನಿನ ಮಸಾಹಿರೋ ಮೋರಿ 1970ರಲ್ಲಿ ರೋಬೋಟ್‌ಗಳ ಬಗ್ಗೆ ಒಂದು ಮಾತು ಹೇಳಿದ್ದರು: ಮನುಷ್ಯನಂತೆಯೇ ಇದ್ದು ಎಲ್ಲೋ ಒಂದಿಷ್ಟು ಮಾತ್ರ ತಪ್ಪಿರುವ ಆಕೃತಿ ಕಂಡರೆ ಮೈ ಮುದುಡುತ್ತದೆ. ಪೂರ್ತಿ ವಿಕಾರವಾದದ್ದು ಆ ಮುಜುಗರದಿಂದ ಹೊರಗೆ ಹೋಗಿಬಿಡುತ್ತದೆ. ರಕ್ತ, ಹರಿದ ಚರ್ಮ, ಬಿಳಿ ಕಣ್ಣು, ಉದ್ದ ಉಗುರು ಎಲ್ಲವನ್ನೂ ಹೇರಿದರೆ ಅದು ವೇಷವಾಗುತ್ತದೆ. ಒಂದನ್ನು ಮಾತ್ರ ಕೆಡಿಸಿ. ಮಾಮೂಲಿ ಸೀರೆ, ಮಾಮೂಲಿ ಮುಖ, ಆದರೆ ಕಣ್ಣು ಮಿಟುಕಿಸುವುದಿಲ್ಲ. ಅಥವಾ ಮಳೆಯಲ್ಲಿ ನಿಂತಿದ್ದರೂ ಸೆರಗು ಒಣಗಿಯೇ ಇದೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಸೊಟ್ಟ ಕೈಕಾಲು, ದೊಡ್ಡ ತಲೆ, ತೊದಲು ಮಾತುಗಳನ್ನು ಪ್ರೇತದ ಗುರುತಾಗಿ ಬಳಸಬೇಡಿ. ಗೋಡಂಬಿ ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದು, ಅನೇಕ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ಜಿಲ್ಲೆ ಇದು. ಆ ರೂಪ ತೆರೆಯ ಮೇಲೆ ಬಂದಾಗ ಇಲ್ಲಿ ನೋಡುವವರಿಗೆ ಪಕ್ಕದ ಮನೆಯ ಮಗುವಿನ ಮುಖ ನೆನಪಾಗುತ್ತದೆ. ಹೆದರಿಕೆ ಹುಟ್ಟುವುದಂತೂ ಇಲ್ಲ, ಒಂದು ಮನೆಯವರ ಮನಸ್ಸು ಸುಡುತ್ತದೆ.

ಎಡಿಟ್ ಮಾಡುವಾಗ ಹೆದರಿಸಿದ ಶಬ್ದ ಫೋನಿನಲ್ಲಿ ನೋಡುವಾಗ ಎಲ್ಲಿಗೆ ಹೋಗುತ್ತದೆ?

ಫೋನಿನ ಸ್ಪೀಕರಿಗೆ ಅದನ್ನು ಹೊರಡಿಸುವ ಶಕ್ತಿಯೇ ಇಲ್ಲ. ಹೆಚ್ಚಿನ ಫೋನುಗಳಲ್ಲಿ ಸೆಕೆಂಡಿಗೆ 200 ಕಂಪನಕ್ಕಿಂತ, ಅಂದರೆ 200 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಹೆಚ್ಚುಕಡಿಮೆ ಕೇಳಿಸುವುದಿಲ್ಲ. ನೀವು ಹೆಡ್‌ಫೋನ್ ಹಾಕಿಕೊಂಡು 50-60 ಹರ್ಟ್ಸ್‌ನಲ್ಲಿ ಇಟ್ಟ ಗುಂಯ್‌ಗುಡುವಿಕೆ ಅಲ್ಲೇ ಸಾಯುತ್ತದೆ. ಅದಕ್ಕೆ ಸ್ವಲ್ಪ ಸ್ಯಾಚುರೇಷನ್ (ಸದ್ದನ್ನು ತುಸು ಒಡೆಯುವ ಎಡಿಟಿಂಗ್ ಉಪಾಯ) ಕೊಟ್ಟರೆ ಅದರ ನಾಲ್ಕೈದು ಪಟ್ಟಿನ ಸದ್ದುಗಳು, ಅಂದರೆ 240, 300 ಹರ್ಟ್ಸ್‌ನ ಅಂಶಗಳು ಹುಟ್ಟಿ ಫೋನಿನಲ್ಲೂ ಒಂದಷ್ಟು ಉಳಿಯುತ್ತದೆ. ಅದಕ್ಕಿಂತ ಒಳ್ಳೆಯದು 500ರಿಂದ 4000 ಹರ್ಟ್ಸ್ ನಡುವಿನ ಸದ್ದುಗಳನ್ನು ನಂಬುವುದು: ಮರದ ಮುಚ್ಚಿಗೆಯ ಕಿರುಗು, ಉಗುರು ಕೆರೆಯುವುದು, ಹತ್ತಿರದ ಉಸಿರು.

ಎರಡನೆಯ ತಪ್ಪು, ಇಡೀ ಚಿತ್ರವನ್ನು ಜೋರು ಮಾಡುವುದು. ಕಿವಿಗೆ ಒಂದು ಸದ್ದು ಇನ್ನೊಂದರ ಎರಡು ಪಟ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಅಂತರ ಬೇಕು. ಎಡಿಟಿಂಗಿನ ಮೀಟರಿನಲ್ಲಿ ಅತಿ ಜೋರಿನ ಮಿತಿ 0 ಡೆಸಿಬೆಲ್ (ಡಿಬಿ). ಮಾತನ್ನೇ -8ಕ್ಕೆ ತಂದು ಕೂರಿಸಿದರೆ ಮೇಲೆ ಏರಲು ಜಾಗವಿಲ್ಲ. ಯೂಟ್ಯೂಬ್ ಕೂಡ ಸುಮಾರು -14 ಎಲ್‌ಯುಎಫ್‌ಎಸ್‌ಗಿಂತ (ಅದು ಇಡೀ ಚಿತ್ರದ ಸರಾಸರಿ ಜೋರಿನ ಅಳತೆ) ಜೋರಾದದ್ದನ್ನು ತಾನೇ ಇಳಿಸುತ್ತದೆ. ರಾತ್ರಿಯ ಹಿನ್ನೆಲೆ ಸದ್ದು -40 ಡಿಬಿ ಆಸುಪಾಸು, ಮಾತು -20 ಆಸುಪಾಸು, ಆ ಒಂದೇ ಒಂದು ಸದ್ದು -6. ಅಂತರ ಉಳಿಸಿಕೊಂಡರೆ ಕೆಲಸ ಆಗುತ್ತದೆ.

ಮೂರನೆಯದು, ಅಂತರ್ಜಾಲದಿಂದ ಇಳಿಸಿದ ತೋಳದ ಊಳು. ನಮ್ಮ ಊರಿನ ರಾತ್ರಿಗೆ ಅದು ಸೇರಿದ್ದಲ್ಲ, ಕೇಳಿದೊಡನೆ ಸುಳ್ಳೆಂದು ತಿಳಿಯುತ್ತದೆ. ಗಾಳಿಯಿಲ್ಲದ ರಾತ್ರಿ ತೋಟದಲ್ಲಿ ಅಡಿಕೆ ಹಾಳೆ ಕಳಚಿ ಬೀಳುವ ಸದ್ದು ಗೊತ್ತಲ್ಲ? ಮೊದಲು ಮೇಲೆ ಎಲ್ಲೋ ಸರ್ರೆಂದು ಸವರಿದ ಹಾಗೆ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ನೆಲಕ್ಕೆ ದಪ್ಪೆಂದು ಯಾರೋ ಹಾರಿದ ಹಾಗೆ. ಹಂಚಿನ ಮೇಲೆ ಪುನುಗು ಬೆಕ್ಕು ನಡೆಯುವುದು. ಮಲಯಾಳದಲ್ಲಿ ಕಾಲನ್‌ಕೋಳಿ ಎನ್ನುವ ಗೂಬೆಯ ಕೂಗು, ಸಾವಿನ ಸೂಚನೆ ಎಂದು ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಿದ್ದದ್ದು. ಇವನ್ನು ನೀವೇ ರೆಕಾರ್ಡ್ ಮಾಡಿಕೊಳ್ಳಿ. ಪ್ರತಿ ಕೋಣೆಯ ಮೌನವನ್ನೂ 60 ಸೆಕೆಂಡು ಹಿಡಿದಿಡಿ, ಎಲ್ಲರೂ ಉಸಿರು ಬಿಗಿಹಿಡಿದು ನಿಂತು, ಫ್ಯಾನು ಫ್ರಿಜ್ ಆರಿಸಿ. ಮಾತಿನ ನಡುವೆ ಶಬ್ದವನ್ನು ಪೂರ್ತಿ ಸೊನ್ನೆ ಮಾಡಿದರೆ ನೋಡುವವರು ಫೋನ್ ಕೆಟ್ಟಿತೋ ಎಂದು ನೋಡುತ್ತಾರೆ. ಚೀರುಂಡೆ ಮಾತ್ರ ನಿಂತು ಕೋಣೆಯ ಮೌನ ಉಳಿದರೆ ಮೈ ಜುಮ್ಮೆನ್ನುತ್ತದೆ.

ಕೇಳಿಸದ ಶಬ್ದದಿಂದ ಹೆದರಿಸಬಹುದಂತೆ, ಹೌದೇ?

ವಿಕ್ ಟ್ಯಾಂಡಿ ಎಂಬ ಇಂಗ್ಲೆಂಡಿನ ಎಂಜಿನಿಯರ್ 1998ರಲ್ಲಿ ಬರೆದ ಲೇಖನದಿಂದ ಈ ಮಾತು ಹಬ್ಬಿತು. ಪ್ರೇತವಿದೆ ಎನ್ನುತ್ತಿದ್ದ ಪ್ರಯೋಗಾಲಯದಲ್ಲಿ ಒಂದು ಫ್ಯಾನು ಸುಮಾರು 19 ಹರ್ಟ್ಸ್ ಕಂಪನ, ಅಂದರೆ ಕಿವಿಗೆ ಕೇಳಿಸದಷ್ಟು ತಗ್ಗಿನ ಸದ್ದು ಹುಟ್ಟಿಸುತ್ತಿದ್ದುದನ್ನು ಕಂಡುಹಿಡಿದು, ಹೆದರಿಕೆಗೆ ಅದೇ ಕಾರಣವಿರಬಹುದು ಎಂದು ಅವರು ಬರೆದಿದ್ದರು. ಆದರೆ 19 ಹರ್ಟ್ಸ್ ಹೊರಡಿಸುವ ಸ್ಪೀಕರ್ ಫೋನಿನಲ್ಲಿಲ್ಲ, ಊರಿನ ಸಭಾಭವನದಲ್ಲೂ ಇಲ್ಲ. ಸಮಯ ಹಾಳು ಮಾಡಬೇಡಿ.

ರಾತ್ರಿಯ ದೃಶ್ಯ ಒಂದೋ ಕಾಣುವುದೇ ಇಲ್ಲ, ಇಲ್ಲವೇ ಚುಕ್ಕಿ ಚುಕ್ಕಿಯಾಗುತ್ತದೆ. ಏನು ಮಾಡಬೇಕು?

ಕತ್ತಲೆಯಲ್ಲಿ ಚಿತ್ರ ತೆಗೆದರೆ ಕತ್ತಲೆ ಬರುವುದಿಲ್ಲ. ಫೋನು ತಾನಾಗಿಯೇ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ ಏರಿಸುತ್ತದೆ, ಕಪ್ಪು ಜಾಗ ಬೂದು ಬಣ್ಣಕ್ಕೆ ತಿರುಗಿ ಚುಕ್ಕಿಗಳು ಕುದಿಯುತ್ತವೆ. ಮ್ಯಾನುಯಲ್ ಹಾಕಿ ಐಎಸ್‌ಒವನ್ನು 800 ದಾಟಲು ಬಿಡಬೇಡಿ, ಬೇಕಾದಷ್ಟು ದೀಪ ಇಟ್ಟು ತೆಗೆಯಿರಿ, ಕತ್ತಲೆಯನ್ನು ಎಡಿಟಿಂಗಿನಲ್ಲಿ ಇಳಿಸಿ. ನಮ್ಮ ಕರೆಂಟು 50 ಹರ್ಟ್ಸ್‌ದ್ದು. ಅದಕ್ಕೆ 25 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು ಇಟ್ಟರೆ ಬಲ್ಬು ಮಿನುಗುವ ಪಟ್ಟಿಗಳು ಬರುವುದಿಲ್ಲ. 30 ಫ್ರೇಮ್, 1/60 ಇಟ್ಟರೆ ಬರುತ್ತವೆ.

ದೀಪ ಮುಖದ ಎದುರಿಗೆ ಬೇಡ. ಕಿಟಕಿಯ ಹೊರಗೆ ಎರಡು ಮೂರು ಮೀಟರ್ ದೂರದಲ್ಲಿ ಒಂದು ಎಲ್‌ಇಡಿ, ಒಳಗೆ ಒಂದು ಚಿಮಿಣಿ ದೀಪ. ಬೆಳಕಿನ ಬಣ್ಣದ ಅಳತೆಯಲ್ಲಿ ಚಿಮಿಣಿಯ ಜ್ವಾಲೆ ಸುಮಾರು 1900 ಕೆಲ್ವಿನ್. ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿ ಎಂದು ಎಣಿಸಬೇಕೆಂಬ ಸೆಟ್ಟಿಂಗ್) 3200ಕ್ಕೆ ಕಟ್ಟಿಹಾಕಿದರೆ ಅದು ಕೆಂಪಗೆ, ಹೊರಗಿನದು ತಣ್ಣಗೆ ಕಾಣುತ್ತದೆ. ಬೇರೆ ನೀಲಿ ಬಣ್ಣ ಬಳಿಯುವ ಅಗತ್ಯವಿಲ್ಲ. ಪ್ರತಿ ಕತ್ತಲೆ ಚೌಕಟ್ಟಿನಲ್ಲೂ ಕಣ್ಣಿಗೆ ಆಧಾರವಾಗಿ ಒಂದು ಬೆಳಕಿನ ತುಣುಕು ಉಳಿಯಲಿ, ದಾರಂದದ ಅಂಚೋ ಹಿತ್ತಾಳೆ ಚೊಂಬಿನ ಮೇಲಿನ ಗೆರೆಯೋ. ಅದಿದ್ದರೆ ಉಳಿದದ್ದು ಕತ್ತಲೆ ಎನಿಸುತ್ತದೆ, ಇಲ್ಲದಿದ್ದರೆ ಪರದೆ ಆರಿದೆ ಎನಿಸುತ್ತದೆ.

ಕ್ಯಾಮೆರಾ ಅಲುಗಾಡಿಸಿದರೆ ಹೆದರಿಕೆ ಹೆಚ್ಚುತ್ತದೆಯೇ?

ಓಡುವಾಗ ಸರಿ. ಕಾಯುವಾಗ ಟ್ರೈಪಾಡ್. 2007ರ 'ಪ್ಯಾರಾನಾರ್ಮಲ್ ಆಕ್ಟಿವಿಟಿ'ಯಲ್ಲಿ ಮಲಗುವ ಕೋಣೆಯ ಮೂಲೆಯಲ್ಲಿ ನಿಲ್ಲಿಸಿದ ಕ್ಯಾಮೆರಾ ಅಲುಗುವುದೇ ಇಲ್ಲ. ಏನು ನೋಡಬೇಕೆಂದು ಅದು ಹೇಳದ ಕಾರಣ ನೋಡುವವರೇ ಚೌಕಟ್ಟಿನ ಮೂಲೆಮೂಲೆಯನ್ನು ಹುಡುಕುತ್ತಾರೆ. ಪಾತ್ರವನ್ನು ಒಂದು ಬದಿಗೆ ಕೂರಿಸಿ, ಇನ್ನೊಂದು ಬದಿಗೆ ಖಾಲಿ ಬಾಗಿಲು ಬಿಡಿ. ಆ ಬಾಗಿಲಲ್ಲಿ ಯಾರೂ ಬರದಿದ್ದರೂ ಸರಿ.

ಇಷ್ಟೆಲ್ಲ ಆದರೂ ಮನೆಯವರು ಮನೆ ಬಿಟ್ಟು ಯಾಕೆ ಹೋಗುವುದಿಲ್ಲ ಎಂದು ಎಲ್ಲರೂ ಕೇಳುತ್ತಾರೆ.

ಕೇಳಿದರೆಂದರೆ ಅವರು ಕತೆಯಿಂದ ಹೊರಗೆ ಬಂದರು ಎಂದೇ ಅರ್ಥ. ಇಲ್ಲಿನ ಬದುಕಿನಲ್ಲಿ ಇದಕ್ಕೆ ಗಟ್ಟಿ ಉತ್ತರಗಳಿವೆ. ಹಟ್ಟಿಯಲ್ಲಿ ಕರೆಯುವ ದನ ಇದೆ, ಬೆಳಗ್ಗೆ ಯಾರಾದರೂ ಇರಲೇಬೇಕು. ಅಂಗಳದಲ್ಲಿ ಅಡಿಕೆ ಹರವಿದೆ. ಪಾಲು ಪಂಚಾತಿಕೆ ಮುಗಿದಿಲ್ಲ, ಬಿಟ್ಟುಹೋದವರಿಗೆ ಪಾಲು ತಪ್ಪುತ್ತದೆ. ಹಾಸಿಗೆ ಹಿಡಿದ ಅಜ್ಜ ಕದಲಲು ಒಪ್ಪುವುದಿಲ್ಲ. ಇವುಗಳಲ್ಲಿ ಒಂದನ್ನು ಮೊದಲ ಮೂರು ನಿಮಿಷದೊಳಗೆ, ಪ್ರೇತದ ಸುದ್ದಿಯೇ ಇಲ್ಲದಿರುವಾಗ ಹೇಳಿಬಿಡಿ. ಪ್ರೇತ ಬಂದ ಮೇಲೆ ಹೇಳಿದರೆ ನೆಪ ಅನ್ನಿಸುತ್ತದೆ.

ಕೊನೆಗೆ ಮಂತ್ರವಾದಿ ಬಂದು ಎಲ್ಲ ವಿವರಿಸುವ ದೃಶ್ಯ ಬೇಕೇ?

ಬೇಡ. ಯಾರು ಸತ್ತರು, ಯಾರು ಕೊಂದರು, ಪ್ರೇತಕ್ಕೆ ಏನು ಬೇಕು ಎಂದು ಹತ್ತು ನಿಮಿಷ ಫ್ಲಾಶ್‌ಬ್ಯಾಕಿನಲ್ಲಿ ಹೇಳಿದ ಮೇಲೆ ಅದು ನ್ಯಾಯ ಕೇಳುವ ಅರ್ಜಿದಾರನಾಗುತ್ತದೆ. ಅದರ ಮೇಲೆ ಕನಿಕರ ಹುಟ್ಟುತ್ತದೆ, ಹೆದರಿಕೆ ಇಳಿಯುತ್ತದೆ. 1993ರ ಮಲಯಾಳ ಚಿತ್ರ 'ಮಣಿಚ್ಚಿತ್ರತ್ತಾಳ್' ಮತ್ತು ಅದರಿಂದ ಬಂದ 2004ರ ಕನ್ನಡದ 'ಆಪ್ತಮಿತ್ರ' ಎರಡನ್ನೂ ನೋಡಿದವರು ಇಲ್ಲಿ ಮನೆಮನೆಯಲ್ಲೂ ಇದ್ದಾರೆ. ಅಲ್ಲಿ ವಿವರಣೆ ಸಲ್ಲುವುದು ಕತೆಯ ಗಂಟೇ ಅದಾಗಿರುವುದರಿಂದ: ಪ್ರೇತ ಎಂದುಕೊಂಡದ್ದು ಒಬ್ಬಳ ಮನಸ್ಸಿನ ಕಾಯಿಲೆ. ನಿಮ್ಮ ಪ್ರೇತ ಪ್ರೇತವೇ ಆಗಿದ್ದರೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬ ಒಂದೇ ನಿಯಮ ಸಾಕು. ಉದಾಹರಣೆಗೆ, ಅದು ಹೊಸ್ತಿಲು ದಾಟುವುದಿಲ್ಲ. ಆ ನಿಯಮವನ್ನು ಎರಡು ಸಲ ತೋರಿಸಿ, ಮೂರನೆಯ ಸಲ ಮುರಿಯಿರಿ.

ಭೂತ, ಕುಲೆ, ಯಕ್ಷಿ: ಯಾವುದನ್ನು ಬಳಸಬೇಕು?

ಘಟ್ಟದ ಮೇಲಿನವರಿಗೆ ಭೂತ ಎಂದರೆ ದೆವ್ವ. ನಮಗೆ ಭೂತ ಎಂದರೆ ದೈವ, ಕೋಲ ಕೊಟ್ಟು ಕೈಮುಗಿದು ಕಷ್ಟ ಹೇಳಿಕೊಳ್ಳುವ ಶಕ್ತಿ. ದೈವವನ್ನು ಕಿರುಚಾಡುವ ರಾಕ್ಷಸನನ್ನಾಗಿ ಮಾಡಿದ ಚಿತ್ರ ಇಲ್ಲಿ ಯಾರನ್ನೂ ಹೆದರಿಸದು, ಸಿಟ್ಟು ಬರಿಸುತ್ತದೆ. ಅದು ತಪ್ಪು ಕೂಡ.

ಕುಲೆಯ ಲೆಕ್ಕ ಬೇರೆ. ಕುಲೆ ಎಂದರೆ ತೀರಿಹೋದ ಮನೆಯವರ ಪ್ರೇತ, ಸತ್ತ ಮೇಲೂ ಅದು ಮನೆಯ ಲೆಕ್ಕಕ್ಕೆ ಸೇರಿದ್ದು. ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ಅದಕ್ಕೆ ಬಡಿಸುತ್ತಾರೆ. ಮದುವೆಯಾಗದೆ ಸತ್ತವರಿಗೆ ಇನ್ನೊಂದು ಮನೆಯ ಅಂಥದೇ ಕುಲೆಯನ್ನು ಹುಡುಕಿ ಮದುವೆ ಮಾಡಿಸುವ ಕ್ರಮವೂ ಇದೆ. ಗೊತ್ತಿಲ್ಲದ ಬಂಗಲೆಯ ಗೊತ್ತಿಲ್ಲದ ಪ್ರೇತಕ್ಕಿಂತ, ಬಡಿಸಿದ ಎಲೆಯ ಎದುರು ಕೂರಬೇಕಾದ ಹತ್ತಿರದವರು ಬಂದರೆ ನೋಡುವವರ ಎದೆಗೆ ಹೆಚ್ಚು ತಾಗುತ್ತದೆ.

ಇನ್ನೊಂದು ವಸ್ತು ಕಣ್ಣೆದುರಿಗೇ ಇದೆ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ, ಪಾಲೆ ಮರದ ಕೆತ್ತೆ (ತೊಗಟೆ) ತಂದು ಕಷಾಯ ಕುಡಿಯುವುದು ತುಳುವರ ಕ್ರಮ. ಅದೇ ಮರ ಮಲಯಾಳದಲ್ಲಿ ಏಳಿಲಂಪಾಲ, ಯಕ್ಷಿ ಎಂಬ ಹೆಣ್ಣು ಪ್ರೇತ ವಾಸಿಸುವ ಮರ. ಒಂದೇ ಊರಿನಲ್ಲಿ ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಯಕ್ಷಿಯ ಮನೆ. ಕತ್ತಲೆಯಲ್ಲಿ ಮರ ತಪ್ಪಿ ಕಾಸರಕದ ಕೆತ್ತೆ ತಂದರೆ ಅದು ವಿಷ, ಜೀವ ತೆಗೆಯುತ್ತದೆ. ಹಾಗಾಗಿ ತಿಳಿದವರು ಹಗಲಲ್ಲೇ ಹೋಗಿ ಮರಕ್ಕೆ ಗುರುತು ಕಟ್ಟಿ ಬರುತ್ತಾರೆ. ಆ ಗುರುತನ್ನು ರಾತ್ರಿ ಯಾರೋ ಬೇರೆ ಮರಕ್ಕೆ ಬದಲಾಯಿಸಿದ್ದಾರೆ ಎಂಬಲ್ಲಿಂದ ಒಂದು ಚಿತ್ರ ಶುರುವಾಗಬಹುದು.

ಸುರಂಗದೊಳಗೆ ಚಿತ್ರೀಕರಣ ಮಾಡಬಹುದೇ?

ಬಾಯಾರು, ಪೆರ್ಲ, ಎಣ್ಮಕಜೆ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಸುರಂಗಗಳು ಆಳೆತ್ತರ, ಒಬ್ಬ ನುಸುಳುವಷ್ಟೇ ಅಗಲ. ಕ್ಯಾಮೆರಾ ಹಿಡಿದವನು ಒಳಗೆ ತಿರುಗಲಾರ. ಮಳೆಗಾಲದಲ್ಲಿ ಹೋಗಲೇಬೇಡಿ, ಮಣ್ಣು ಕುಸಿಯುತ್ತದೆ. ಬೇಸಗೆಯಲ್ಲೂ ಸುರಂಗ ತೋಡಿ ಅನುಭವವಿರುವವರು ಮುಂದೆ ಇರಬೇಕು. ಒಳಗೆ ಗಾಳಿ ಕೆಟ್ಟಿರಬಹುದು, ಹಚ್ಚಿದ ದೀಪ ಮಂಕಾದರೆ ಎಲ್ಲರೂ ಆ ಕ್ಷಣ ಹೊರಗೆ. ಅದರ ನೀರನ್ನು ಮನೆಯವರು ಕುಡಿಯುತ್ತಾರೆ ಎಂಬುದೂ ನೆನಪಿರಲಿ. ನಿಜ ಹೇಳಬೇಕೆಂದರೆ ಒಳಗೆ ಹೋಗುವ ಅಗತ್ಯವಿಲ್ಲ. ಸುರಂಗದ ಬಾಯಿಯನ್ನು ಹೊರಗಿನಿಂದ ಹಿಡಿದು, ಒಳಗಿನಿಂದ ನೀರಿನಲ್ಲಿ ಹೆಜ್ಜೆಯ ಸದ್ದು ಬಂದರೆ ಸಾಕು.

ಮಾತು ಯಾವ ಕನ್ನಡದಲ್ಲಿರಬೇಕು?

ಪಾತ್ರದ ಮನೆಮಾತಿನಲ್ಲಿ. ಕಾಸರಗೋಡಿನ ಮನೆಯಲ್ಲಿ ಬೆಂಗಳೂರಿನ ಧಾರಾವಾಹಿಯ ಕನ್ನಡ ಕೇಳಿದೊಡನೆ ನಂಬಿಕೆ ಹೋಗುತ್ತದೆ. ಇಲ್ಲಿ ಒಬ್ಬನೇ ಮನುಷ್ಯ ಮನೆಯಲ್ಲಿ ಹವ್ಯಕ, ತೋಟದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ ಮಾತಾಡುತ್ತಾನೆ. ಹೆದರಿದಾಗ ಬಾಯಿಗೆ ಬರುವುದು ಮೊದಲು ಕಲಿತ ಮಾತು. "ಅಯ್ಯೋ ಅಬ್ಬೇ" ಎಂದು ಕೂಗಬೇಕಾದವನು "ಯಾರದು ಅಲ್ಲಿ?" ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದರೆ ಅವನಿಗೆ ಹೆದರಿಕೆಯಾಗಿಲ್ಲ ಎಂದು ಎಲ್ಲರಿಗೂ ತಿಳಿಯುತ್ತದೆ.

ಮುಗಿಸಿದ ಚಿತ್ರ ಹೆದರಿಸುತ್ತದೋ ಇಲ್ಲವೋ ಎಂದು ಬಿಡುಗಡೆಗೆ ಮೊದಲು ತಿಳಿಯುವುದು ಹೇಗೆ?

ಕತೆ ಗೊತ್ತಿಲ್ಲದ ಐವರನ್ನು ಆರಿಸಿ. ಗುಂಪಾಗಿ ತೋರಿಸಬೇಡಿ, ಗುಂಪಿನಲ್ಲಿ ಒಬ್ಬ ನಕ್ಕರೆ ಎಲ್ಲರೂ ನಗುತ್ತಾರೆ. ಒಬ್ಬೊಬ್ಬರಿಗೇ, ರಾತ್ರಿ, ಅವರದೇ ಫೋನಿನಲ್ಲಿ. ಒಪ್ಪಿಗೆ ಕೇಳಿ ಇನ್ನೊಂದು ಫೋನಿನಲ್ಲಿ ಅವರ ಮುಖ ಹಿಡಿಯಿರಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಎಲ್ಲಿ ಕಣ್ಣು ಪರದೆಯಿಂದ ಆಚೆ ಹೋಯಿತು, ಎಲ್ಲಿ ಕೈ ಕೆನ್ನೆಗೆ ಬಂತು, ಎಲ್ಲಿ ನಕ್ಕರು. ಮೂವರು ಒಂದೇ ಜಾಗದಲ್ಲಿ ಬೇಸತ್ತರೆ ಅಲ್ಲಿ ಕತ್ತರಿಸಿ. ಮೂವರು ನಕ್ಕರೆ ಅಲ್ಲಿ ಪ್ರೇತ ಹೆಚ್ಚು ಹೊತ್ತು ಕಂಡಿದೆ, ಅರ್ಧಕ್ಕೆ ಇಳಿಸಿ.

ಹೆದರಿಕೆಯಾಯಿತೇ ಎಂದು ಕೇಳಬೇಡಿ, ಬೇಸರವಾಗಬಾರದೆಂದು ಹೌದು ಅನ್ನುತ್ತಾರೆ. ಮರುದಿನ ಒಂದು ಕಾಗದ ಕೊಟ್ಟು ಆ ಮನೆಯ ನಕ್ಷೆ ಬಿಡಿಸಲು ಹೇಳಿ. ಚಾವಡಿ, ಬಾವಿ, ಚಿಲಕ ಹಾಕಿದ ಬಾಗಿಲು ತಪ್ಪಿಲ್ಲದೆ ಬಂದರೆ ಚಿತ್ರ ಸರಿಯಾಗಿದೆ. ಬಾವಿ ಎಲ್ಲಿತ್ತೆಂದು ಅವರು ತಡಕಾಡಿದರೆ ಕೊನೆಯ ದೃಶ್ಯವನ್ನು ಮುಟ್ಟಬೇಡಿ, ಮೊದಲ ಮೂರು ನಿಮಿಷವನ್ನು ಮತ್ತೆ ಚಿತ್ರೀಕರಿಸಿ.